ಜಪಾನಿನ ಶಾಲೆಯಲ್ಲಿ ಸಹಾಯಕ ಇಂಗ್ಲಿಷ್ ಶಿಕ್ಷಕರಾಗಲು: ಜೆಟ್, ಕಂಪನಿ, ನೇರ ನೇಮಕ – ಯಾರಿಗೆ ಯಾವುದು?

ಈಚೆಗೆ ನನಗೆ ಬಂದ ಓಲೆಗಳಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿದೆ. ವಿದೇಶಿಯರನ್ನು ಶಾಲೆ-ಕಚೇರಿಗಳ ಕೆಲಸಕ್ಕೆ ಕರೆಸಿಕೊಳ್ಳುವ ಜಪಾನ್ ಸರ್ಕಾರದ ಜೆಟ್ ಯೋಜನೆಗೆ ಅರ್ಜಿ ಹಾಕಿ ಒಂದು ವರ್ಷ ಕಾಯುವುದೋ, ಏಪ್ರಿಲ್‌ಗೇ ಬನ್ನಿ ಎನ್ನುತ್ತಿರುವ, ಶಾಲೆಗಳಿಗೆ ಶಿಕ್ಷಕರನ್ನು ಒದಗಿಸುವ ಖಾಸಗಿ ಕಂಪನಿಯ ಕರಾರಿಗೆ ಸಹಿ ಹಾಕುವುದೋ, ಇಲ್ಲವೇ ಯಾವುದಾದರೂ ಊರಿನ ಶಿಕ್ಷಣ ಮಂಡಳಿಯಲ್ಲೇ ನೇರವಾಗಿ ಕೆಲಸ ಹುಡುಕುವುದೋ ಎಂಬುದು ಆ ಪ್ರಶ್ನೆ. ನಾನು ಜಪಾನ್ ಸಮುದ್ರದ ಕಡೆಯ ಒಂದು ಸಣ್ಣ ಪಟ್ಟಣದಲ್ಲಿ ಎರಡು ವರ್ಷ ಕಂಪನಿಯ ಮೂಲಕ, ಆಮೇಲೆ ಮೂರು ವರ್ಷ ಶಿಕ್ಷಣ ಮಂಡಳಿಯ ನೇರ ನೌಕರಳಾಗಿ ಕೆಲಸ ಮಾಡಿದವಳು. ಪಕ್ಕದ ಹೈಸ್ಕೂಲಿಗೆ ಜೆಟ್ ಮೂಲಕ ಬಂದಿದ್ದ ಶಿಕ್ಷಕಿ ನನ್ನ ಜೊತೆಗೇ ಪೇಟೆಗೆ ಬರುತ್ತಿದ್ದಳು. ನಾವಿಬ್ಬರೂ ಮಾಡುತ್ತಿದ್ದ ಕೆಲಸ ಹೆಚ್ಚುಕಡಿಮೆ ಒಂದೇ ಆಗಿತ್ತು, ಸಂಬಳದ ಚೀಟಿಗಳು ಮಾತ್ರ ಬೇರೆ ಬೇರೆಯಾಗಿದ್ದವು. ಆದ್ದರಿಂದ ಇಲ್ಲಿ ನೀವು ಆರಿಸಿಕೊಳ್ಳುತ್ತಿರುವುದು ಕೆಲಸವನ್ನಲ್ಲ, ನಿಮಗೆ ಸಂಬಳ ಕೊಡುವ ಯಜಮಾನನನ್ನು ಎಂಬುದನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಿ.

ಕೆಲಸದ ಬಗ್ಗೆ ಎರಡು ಮಾತು ಸಾಕು. ಸಹಾಯಕ ಭಾಷಾ ಶಿಕ್ಷಕರನ್ನು ಅಲ್ಲಿ ಎಲ್ಲರೂ ಎಎಲ್‌ಟಿ ಎಂದೇ ಕರೆಯುತ್ತಾರೆ. ತರಗತಿಯ ಹೊಣೆ ಜಪಾನಿ ಶಿಕ್ಷಕರದು. ಎಎಲ್‌ಟಿ ಅವರ ಪಕ್ಕದಲ್ಲಿ ನಿಂತು ಉಚ್ಚಾರಣೆ ಹೇಳಿಕೊಡುತ್ತಾರೆ, ಸಂಭಾಷಣೆ ನಡೆಸುತ್ತಾರೆ, ಆಟ ಆಡಿಸುತ್ತಾರೆ. 2020ರ ಏಪ್ರಿಲ್‌ನಿಂದ ಪ್ರಾಥಮಿಕ ಶಾಲೆಯ 5 ಮತ್ತು 6ನೇ ತರಗತಿಗಳಿಗೆ ಇಂಗ್ಲಿಷ್ ಅಂಕ ಕೊಡುವ ವಿಷಯವಾಗಿದೆ, 3 ಮತ್ತು 4ನೇ ತರಗತಿಗಳಲ್ಲಿ ಅದು ಚಟುವಟಿಕೆಯ ರೂಪದಲ್ಲಿದೆ. ಪ್ರಾಥಮಿಕ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವುದು ಅನೇಕ ಕಡೆ ತರಗತಿಯ ಶಿಕ್ಷಕರೇ ಆದ್ದರಿಂದ, ಹೆಸರಿಗೆ ಸಹಾಯಕರಾದರೂ ಪಾಠದ ಮುಕ್ಕಾಲು ಪಾಲು ನಿಮ್ಮ ಹೆಗಲಿಗೇ ಬೀಳುವ ದಿನಗಳು ಇರುತ್ತವೆ. ಇದು ಮೂರು ದಾರಿಗಳಲ್ಲೂ ಒಂದೇ.

ಅಳೆಯುವ ಮುನ್ನ ಅಳತೆಗೋಲು

ಹೋಲಿಸಲು ಹೊರಟವರು ಸಾಮಾನ್ಯವಾಗಿ ತಿಂಗಳ ಸಂಬಳವನ್ನಷ್ಟೇ ನೋಡಿ, ಯೆನ್ನನ್ನು ರೂಪಾಯಿಗೆ ಗುಣಿಸಿ, ಖುಷಿಪಟ್ಟು ಸುಮ್ಮನಾಗುತ್ತಾರೆ. ನಾನು ಐದು ವಿಷಯಗಳನ್ನು ನೋಡಿ ಎನ್ನುತ್ತೇನೆ. ನಿಮಗೆ ಅರ್ಹತೆ ಇದೆಯೇ ಎಂಬುದು ಮೊದಲನೆಯದು. ಎರಡನೆಯದು, ಕರಾರು ಯಾರ ಜೊತೆ ಮತ್ತು ಯಾವ ಬಗೆಯದು ಎಂಬುದು. ಮೂರನೆಯದು ವರ್ಷದ ಹನ್ನೆರಡು ತಿಂಗಳಲ್ಲಿ ಒಟ್ಟು ಎಷ್ಟು ಹಣ ಕೈಗೆ ಬರುತ್ತದೆ ಎಂಬ ಲೆಕ್ಕ. ಹೊರಡುವಾಗ ಜೇಬಿನಿಂದ ಎಷ್ಟು ಹಾಕಬೇಕು ಎಂಬುದು ನಾಲ್ಕನೆಯದು. ಮೂರು ನಾಲ್ಕು ವರ್ಷಗಳಾದ ಮೇಲೆ ಆ ದಾರಿ ಎಲ್ಲಿಗೆ ಹೋಗುತ್ತದೆ ಎಂಬುದು ಕೊನೆಯದು. ಊರಿನ ಆಯ್ಕೆಯನ್ನು ನಾನು ಬೇಕೆಂದೇ ಈ ಪಟ್ಟಿಯಿಂದ ಬಿಟ್ಟಿದ್ದೇನೆ, ಏಕೆಂದರೆ ಹೊಸಬರಿಗೆ ಊರಿನ ಆಯ್ಕೆ ಹೆಚ್ಚಾಗಿ ಸಿಗುವುದೇ ಇಲ್ಲ.

ಅರ್ಹತೆಯ ವಿಷಯದಲ್ಲಿ ಕನ್ನಡಿಗರು ತುಸು ನಿಂತು ಯೋಚಿಸಬೇಕು. ಯಾವುದೇ ವಿಷಯದಲ್ಲಿ ಪದವಿ ಇರಲೇಬೇಕು, ಬಿ.ಎಡ್. ಕಡ್ಡಾಯವಲ್ಲ, ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ವಿಷಯ ಹನ್ನೆರಡು ವರ್ಷದ ನಿಯಮ. ಶಾಲೆಯಲ್ಲಿ ಪೂರ್ಣ ಶಿಕ್ಷಕರಲ್ಲದ ಹುದ್ದೆಯಲ್ಲಿ ವಿದೇಶಿ ಭಾಷೆ ಕಲಿಸಲು ಬರುವವರು ಅದೇ ಭಾಷೆಯ ಮಾಧ್ಯಮದಲ್ಲಿ ಕನಿಷ್ಠ 12 ವರ್ಷ ಓದಿರಬೇಕೆಂದು ಜಪಾನಿನ ವಲಸೆ ನಿಯಮ ಕೇಳುತ್ತದೆ. ಒಂದನೇ ತರಗತಿಯಿಂದ ಪಿಯುಸಿ ತನಕ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೆ ತೊಂದರೆಯಿಲ್ಲ. ಏಳನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಎಂಟರಿಂದ ಇಂಗ್ಲಿಷ್ ಮಾಧ್ಯಮಕ್ಕೆ ಬಂದು ಎಂಜಿನಿಯರಿಂಗ್ ಮುಗಿಸಿದವರ ಲೆಕ್ಕ ಹಾಕಿ ನೋಡಿ: ಹೈಸ್ಕೂಲು ಮೂರು, ಪಿಯುಸಿ ಎರಡು, ಬಿ.ಇ. ನಾಲ್ಕು, ಒಟ್ಟು ಒಂಬತ್ತು ವರ್ಷ. ಸ್ನಾತಕೋತ್ತರ ಪದವಿಯ ಎರಡು ವರ್ಷ ಸೇರಿಸಿದರೂ ಹನ್ನೊಂದೇ. ಐದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮವಾಗಿದ್ದರೆ ಬಿ.ಇ. ಮುಗಿಯುವಾಗ ಸರಿಯಾಗಿ ಹನ್ನೆರಡಾಗುತ್ತದೆ. ಊರಿನಲ್ಲಿ ಸರ್ಕಾರಿ ನೇಮಕಾತಿಗೆ ಕನ್ನಡ ಮಾಧ್ಯಮದ ಪ್ರಮಾಣಪತ್ರ ಹಿಡಿದು ಓಡಾಡುವ ನಾವು ಇಲ್ಲಿ ಅದರ ತದ್ವಿರುದ್ಧದ ಕಾಗದಕ್ಕಾಗಿ ಹಳೆಯ ಶಾಲೆಯ ಮುಖ್ಯೋಪಾಧ್ಯಾಯರ ಬಾಗಿಲು ತಟ್ಟಬೇಕಾಗುತ್ತದೆ. ಆ ಕಾಗದವನ್ನು ಈಗಲೇ ಮಾಡಿಸಿಟ್ಟುಕೊಳ್ಳಿ, ಶಾಲೆ ಮುಚ್ಚಿಹೋದ ಮೇಲೆ ಹುಡುಕುವ ಕಷ್ಟ ಬೇಡ.

ಜೆಟ್: ಕಾಯಬಲ್ಲವರಿಗೆ

1987ರಲ್ಲಿ ಆರಂಭವಾದ ಜೆಟ್ ಯೋಜನೆಯ ಮೂಲಕ ಈವರೆಗೆ 70 ಸಾವಿರಕ್ಕೂ ಹೆಚ್ಚು ಜನ ಜಪಾನಿಗೆ ಹೋಗಿದ್ದಾರೆ. ಅಲ್ಲಿನ ಮೂರು ಸಚಿವಾಲಯಗಳು ಮತ್ತು ಸ್ಥಳೀಯ ಸಂಸ್ಥೆಗಳ ಒಕ್ಕೂಟವಾದ ಕ್ಲೇರ್ ಸೇರಿ ಇದನ್ನು ನಡೆಸುತ್ತವೆ, ಆದರೆ ನಿಮ್ಮ ಕರಾರು ಮಾತ್ರ ನಿಮ್ಮನ್ನು ಕರೆಸಿಕೊಳ್ಳುವ ಜಿಲ್ಲೆ ಅಥವಾ ಪಟ್ಟಣದ ಆಡಳಿತದ ಜೊತೆಗಿರುತ್ತದೆ. ಭಾರತವೂ ಭಾಗವಹಿಸುವ ದೇಶಗಳಲ್ಲೊಂದು. ಅಮೆರಿಕದಿಂದ ಹೋಗುವವರ ಮುಂದೆ ನಮ್ಮವರ ಸಂಖ್ಯೆ ತೀರ ಸಣ್ಣದು. ಸ್ಪರ್ಧೆ ಎಷ್ಟಿರುತ್ತದೆ ಎಂಬುದನ್ನು ಇದರಿಂದಲೇ ಊಹಿಸಬಹುದು. ಅರ್ಜಿಗೆ ಶುಲ್ಕವಿಲ್ಲ. ಪ್ರಕಟಣೆಯನ್ನು ಹೊಸದಿಲ್ಲಿಯ ಜಪಾನ್ ರಾಯಭಾರ ಕಚೇರಿ ಹೊರಡಿಸುತ್ತದೆ. ಆ ವರ್ಷ ಯಾವ ಹುದ್ದೆಗಳಿಗೆ ಅರ್ಜಿ ಕರೆದಿದ್ದಾರೆ ಎಂಬುದನ್ನು ಅದರಲ್ಲೇ ಓದಿಕೊಳ್ಳಬೇಕು, ಹೋದ ವರ್ಷ ಹೋದ ಗೆಳೆಯನ ಮಾತನ್ನು ನಂಬಿ ಕೂರಬಾರದು.

ಸಂಬಳದಲ್ಲಿ ಇದರ ಸಮಕ್ಕೆ ಬೇರೆ ದಾರಿ ಇಲ್ಲ. 2025ರ ಏಪ್ರಿಲ್‌ನಿಂದ ಮೊದಲ ವರ್ಷಕ್ಕೆ 40.2 ಲಕ್ಷ ಯೆನ್, ಎರಡನೆಯ ವರ್ಷಕ್ಕೆ 41.4 ಲಕ್ಷ, ಮೂರನೆಯದಕ್ಕೆ 42.6 ಲಕ್ಷ, ನಾಲ್ಕು ಮತ್ತು ಐದನೆಯ ವರ್ಷಕ್ಕೆ 43.2 ಲಕ್ಷ ಯೆನ್ ಎಂದು ಏರಿಸಿದ್ದಾರೆ. ಮೊದಲ ವರ್ಷದ ತಿಂಗಳ ಲೆಕ್ಕ 3.35 ಲಕ್ಷ ಯೆನ್ ಆಯಿತು. ಆರೋಗ್ಯ ವಿಮೆ, ಪಿಂಚಣಿ ಮತ್ತು ತೆರಿಗೆ ಮುರಿದುಕೊಂಡ ಮೇಲೆ ಸುಮಾರು 2.75 ಲಕ್ಷ ಕೈಗೆ ಬರುತ್ತದೆ. ಹೋಗಿಬರುವ ವಿಮಾನದ ಟಿಕೆಟ್ಟು ಅವರದೇ. ಟೋಕಿಯೊದಲ್ಲಿ ತರಬೇತಿ ಕೊಟ್ಟು, ಅಲ್ಲಿಂದ ಊರಿಗೆ ಕರೆದೊಯ್ಯುತ್ತಾರೆ, ಮನೆ ಹುಡುಕುವಾಗಲೂ ಆಡಳಿತದವರು ಜೊತೆಗಿರುತ್ತಾರೆ. ಆಗಸ್ಟ್‌ನಲ್ಲಿ ಶಾಲೆಗೆ ರಜೆ ಇದ್ದರೂ ಸಂಬಳಕ್ಕೆ ರಜೆ ಇಲ್ಲ.

ಇದಕ್ಕೆ ನೀವು ತೆರುವ ಬೆಲೆ ಕಾಲ ಮತ್ತು ಅನಿಶ್ಚಿತತೆ. ಅರ್ಜಿ ಶರತ್ಕಾಲದಲ್ಲಿ, ಸಂದರ್ಶನ ಜನವರಿ-ಫೆಬ್ರವರಿಯ ಹೊತ್ತಿಗೆ, ಪ್ರಯಾಣ ಸಾಮಾನ್ಯವಾಗಿ ಜುಲೈ ಕೊನೆ ಅಥವಾ ಆಗಸ್ಟ್‌ನಲ್ಲಿ. ಹೀಗೆ ಹತ್ತು ತಿಂಗಳು ಹೋಗುತ್ತದೆ, ಆಯ್ಕೆಯಾಗದಿದ್ದರೆ ಮತ್ತೊಂದು ವರ್ಷ. ಯಾವ ಊರು ಬೇಕೆಂದು ಬರೆದುಕೊಡಬಹುದು, ಆದರೆ ಸಿಗುತ್ತದೆಂಬ ಖಾತರಿಯಿಲ್ಲ. ದ್ವೀಪವೂ ಸಿಕ್ಕೀತು, ಎದೆಮಟ್ಟ ಹಿಮ ಬೀಳುವ ಬೆಟ್ಟದ ಹಳ್ಳಿಯೂ ಸಿಕ್ಕೀತು. ಕರಾರು ವರ್ಷವರ್ಷಕ್ಕೆ ನವೀಕರಣವಾಗಿ ಐದು ವರ್ಷಕ್ಕೆ ನಿಲ್ಲುತ್ತದೆ. ಜಪಾನಿ ಭಾಷೆ ಚೆನ್ನಾಗಿ ಬರುವವರು ಇದೇ ಯೋಜನೆಯ ಅಂತರರಾಷ್ಟ್ರೀಯ ಸಂಬಂಧಗಳ ಸಂಯೋಜಕರ ಹುದ್ದೆಯನ್ನೂ ಗಮನಿಸಬೇಕು. ಅದು ಕಚೇರಿಯ, ಅನುವಾದದ ಕೆಲಸ. ಜಪಾನಿ ಭಾಷಾ ಪರೀಕ್ಷೆಯ ಮೇಲಿನ ಎರಡು ಹಂತಗಳಾದ ಎನ್2 ಅಥವಾ ಎನ್1 ಪಾಸಾದ ಕನ್ನಡಿಗರು ಎಎಲ್‌ಟಿ ಹುದ್ದೆಯ ಹಿಂದೆ ಬೀಳುವುದು ಕಬ್ಬಿನ ಗದ್ದೆಯಲ್ಲಿ ನಿಂತು ಬೆಲ್ಲಕ್ಕೆ ಕೈಚಾಚಿದಂತೆ ಎಂದು ನನಗನ್ನಿಸುತ್ತದೆ.

ಕಂಪನಿ: ಬೇಗ ಸಿಗುವ ಬಾಗಿಲು

ಶಿಕ್ಷಣ ಮಂಡಳಿಗಳು ಖರ್ಚು ಮತ್ತು ತಲೆನೋವು ಕಡಿಮೆ ಮಾಡಿಕೊಳ್ಳಲು ಎಎಲ್‌ಟಿಗಳನ್ನು ಒದಗಿಸುವ ಕೆಲಸವನ್ನು ಟೆಂಡರ್ ಮೂಲಕ ಕಂಪನಿಗಳಿಗೆ ಕೊಡುತ್ತವೆ. ಇಂಟರ್ಯಾಕ್, ಆಲ್ಟಿಯಾ ಸೆಂಟ್ರಲ್, ಬಾರ್ಡರ್‌ಲಿಂಕ್, ಹಾರ್ಟ್ ಮೊದಲಾದವು ಈ ವ್ಯವಹಾರದ ಪರಿಚಿತ ಹೆಸರುಗಳು. ಟೆಂಡರ್ ಎಂದ ಮೇಲೆ ಕಡಿಮೆ ದರ ಕೂಗಿದವರಿಗೆ ಕೆಲಸ ಸಿಗುವುದು ಸಹಜ, ಮತ್ತು ಆ ಕಡಿಮೆ ದರ ಕೊನೆಗೆ ಯಾರ ಸಂಬಳದಿಂದ ಬರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ತಿಂಗಳಿಗೆ 2 ಲಕ್ಷದಿಂದ 2.5 ಲಕ್ಷ ಯೆನ್ ಸಾಮಾನ್ಯ ದರ. 2.3 ಲಕ್ಷದ ಸಂಬಳದಲ್ಲಿ ವಿಮೆ, ಪಿಂಚಣಿ, ತೆರಿಗೆ ಹೋದರೆ 1.9 ಲಕ್ಷದ ಆಸುಪಾಸು ಉಳಿಯುತ್ತದೆ. ಅದರಲ್ಲಿ ಬಾಡಿಗೆ, ಕಾರು, ಚಳಿಗಾಲದ ಸೀಮೆಎಣ್ಣೆ ಎಲ್ಲವೂ ಬಂದವು.

ಇನ್ನೂ ಒಂದು ಗುಟ್ಟು ಆ ‘ತಿಂಗಳಿಗೆ’ ಎಂಬ ಪದದಲ್ಲಿದೆ. ಹಲವು ಕರಾರುಗಳಲ್ಲಿ ಶಾಲೆ ಕಡಿಮೆ ದಿನ ನಡೆಯುವ ಆಗಸ್ಟ್, ಡಿಸೆಂಬರ್, ಮಾರ್ಚ್ ತಿಂಗಳುಗಳಿಗೆ ಅರ್ಧ ಸಂಬಳವೋ ದಿನಲೆಕ್ಕದ ಸಂಬಳವೋ ಇರುತ್ತದೆ. ನನ್ನ ಮೊದಲ ಆಗಸ್ಟ್‌ನಲ್ಲಿ ಬ್ಯಾಂಕಿನ ಯಂತ್ರದೊಳಗೆ ಪಾಸ್‌ಬುಕ್ ತೂರಿಸಿದೆ. ಅದು ಟಕಟಕ ಶಬ್ದ ಮಾಡಿ ಅಚ್ಚು ಹಾಕಿ ಹೊರಗೆ ಕೊಟ್ಟ ಸಾಲಿನಲ್ಲಿ ಹಿಂದಿನ ತಿಂಗಳ ಮೊತ್ತದ ಅರ್ಧಕ್ಕಿಂತ ಕಡಿಮೆ ಇತ್ತು. ತಪ್ಪಾಗಿರಬೇಕೆಂದು ಕಂಪನಿಗೆ ಫೋನು ಮಾಡಿದೆ. ಕರಾರಿನ ಏಳನೇ ಪುಟ ನೋಡಿ ಎಂದರು. ನೋಡಿದೆ, ಅಲ್ಲಿ ಬರೆದೇ ಇತ್ತು. ಆ ತಿಂಗಳು ಮನೆಯಿಂದ ತಂದಿದ್ದ ಅವಲಕ್ಕಿಯೇ ನನ್ನನ್ನು ಕಾಪಾಡಿತು.

ಕರಾರಿನ ಬಗೆ ಅದಕ್ಕಿಂತಲೂ ಮುಖ್ಯ. ಜಪಾನಿನಲ್ಲಿ ಇದು ಎರಡು ರೂಪದಲ್ಲಿದೆ. ‘ಹಾಕೆನ್’ ಎಂದರೆ ಕಂಪನಿ ನಿಮ್ಮನ್ನು ಶಾಲೆಗೆ ಕಳುಹಿಸುತ್ತದೆ, ಶಾಲೆಯ ಶಿಕ್ಷಕರು ನಿಮಗೆ ನೇರವಾಗಿ ಕೆಲಸ ಹೇಳಬಹುದು. ‘ಗ್ಯೋಮು ಇತಾಕು’ ಎಂದರೆ ಕಂಪನಿ ಪಾಠವನ್ನೇ ಗುತ್ತಿಗೆಗೆ ಹಿಡಿದಂತೆ. ಆಗ ಶಾಲೆಯವರು ನಿಮಗೆ ನೇರ ಸೂಚನೆ ಕೊಡುವುದು ಕಾನೂನಿಗೆ ವಿರುದ್ಧವಾಗುತ್ತದೆ, ಏನು ಹೇಳುವುದಿದ್ದರೂ ಕಂಪನಿಯ ಮೂಲಕವೇ ಹೇಳಬೇಕು. ಒಂದೇ ತರಗತಿಯಲ್ಲಿ ಇಬ್ಬರು ನಿಂತು ಪಾಠ ಮಾಡುವಾಗ, ಈ ಪದವನ್ನು ಇನ್ನೊಮ್ಮೆ ಹೇಳಿ ಎನ್ನುವುದಕ್ಕೂ ಶಿಕ್ಷಕರು ಹಿಂಜರಿದರೆ ಆ ಪಾಠ ಹೇಗಿದ್ದೀತು? ಎರಡರಲ್ಲಿ ಆಯ್ಕೆ ಸಿಕ್ಕರೆ ಹಾಕೆನ್ ಆರಿಸಿ. ನನ್ನ ಮಟ್ಟಿಗೆ ಇದರಲ್ಲಿ ಎರಡು ಮಾತಿಲ್ಲ.

ಕಾನೂನಿನ ಮಿತಿಗಿಂತ ತುಸು ಕೆಳಗೆ, ವಾರಕ್ಕೆ 29.5 ಗಂಟೆ ಎಂದು ಬರೆದು ವಿಮೆ-ಪಿಂಚಣಿಯ ಪಾಲು ಕೊಡದೆ ತಪ್ಪಿಸಿಕೊಳ್ಳುವ ಕಂಪನಿಗಳ ಕಥೆಯನ್ನು ನೀವು ಓದಿರಬಹುದು. ಈಗ ಕಾನೂನು ಬಿಗಿಯಾಗಿದೆ. 2024ರ ಅಕ್ಟೋಬರ್‌ನಿಂದ 51 ಅಥವಾ ಹೆಚ್ಚು ನೌಕರರಿರುವ ಕಂಪನಿಯಲ್ಲಿ ವಾರಕ್ಕೆ 20 ಗಂಟೆ ದುಡಿದು ತಿಂಗಳಿಗೆ 88 ಸಾವಿರ ಯೆನ್‌ಗಿಂತ ಕಡಿಮೆಯಿಲ್ಲದ ಸಂಬಳ ಪಡೆಯುವವರನ್ನು ಸಾಮಾಜಿಕ ವಿಮೆಗೆ, ಎಂದರೆ ಆರೋಗ್ಯ ವಿಮೆ ಮತ್ತು ಪಿಂಚಣಿಗೆ, ಸೇರಿಸಲೇಬೇಕು. ಪಿಂಚಣಿಗೆ ಕಟ್ಟಿದ ಹಣ ಮುಳುಗಿಹೋಗುವುದಿಲ್ಲ. ಆರು ತಿಂಗಳಾದರೂ ಕಟ್ಟಿ, ಜಪಾನ್ ಬಿಟ್ಟ ಎರಡು ವರ್ಷದೊಳಗೆ ಅರ್ಜಿ ಹಾಕಿದರೆ, ಗರಿಷ್ಠ ಐದು ವರ್ಷದ ಲೆಕ್ಕದಲ್ಲಿ ನಿಮ್ಮ ಪಾಲಿಗೆ ಹೆಚ್ಚುಕಡಿಮೆ ಸಮನಾದ ಮೊತ್ತ ಒಟ್ಟಿಗೆ ಬರುತ್ತದೆ, ಅದರಲ್ಲಿ 20.42 ಶೇಕಡ ತೆರಿಗೆ ಮುರಿದುಕೊಳ್ಳುತ್ತಾರೆ. ಭಾರತ-ಜಪಾನ್ ಸಾಮಾಜಿಕ ಭದ್ರತಾ ಒಪ್ಪಂದ 2016ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವುದರಿಂದ ಎರಡೂ ದೇಶದ ವರ್ಷಗಳನ್ನು ಕೂಡಿಸಿಕೊಳ್ಳುವ ದಾರಿಯೂ ಇದೆ, ಆದರೆ ಒಟ್ಟು ಮೊತ್ತ ತೆಗೆದುಕೊಂಡರೆ ಆ ವರ್ಷಗಳು ಲೆಕ್ಕದಿಂದ ಅಳಿಸಿಹೋಗುತ್ತವೆ. ಜಪಾನಿನಲ್ಲೇ ನೆಲೆಸುವ ಆಸೆಯಿದ್ದವರು ಆ ಹಣಕ್ಕೆ ಕೈ ಹಾಕಬಾರದು.

ಹೊರಡುವ ಖರ್ಚಿಗೆ ಬಂದರೆ, ಕಂಪನಿಯ ದಾರಿಯಲ್ಲಿ ಟಿಕೆಟ್ಟು ಸಾಮಾನ್ಯವಾಗಿ ನಿಮ್ಮದೇ. ಮನೆಗೆ ಮುಂಗಡ, ಮಾಲೀಕರಿಗೆ ಮರಳಿ ಬಾರದ ಕಾಣಿಕೆ, ದಲ್ಲಾಳಿಯ ಶುಲ್ಕ, ಜಾಮೀನು ಕಂಪನಿಯ ಶುಲ್ಕ ಎಂದು ನಾಲ್ಕೈದು ತಿಂಗಳ ಬಾಡಿಗೆಯಷ್ಟು ಮೊದಲೇ ಹೋಗಬಹುದು, ಮೊದಲ ಸಂಬಳ ಬರುವವರೆಗೆ ಊಟಕ್ಕೂ ಬೇಕು. ನಾಲ್ಕು ಲಕ್ಷ ಯೆನ್, ಎಂದರೆ ಎರಡೂಕಾಲು ಲಕ್ಷ ರೂಪಾಯಿಯ ಆಸುಪಾಸು, ಕೈಯಲ್ಲಿಲ್ಲದೆ ಹೊರಡಬೇಡಿ. ಆ ಹಣವನ್ನು ಬಡ್ಡಿಗೆ ತರಲೇಬೇಡಿ, ಏಕೆಂದರೆ ಮೇಲಿನ ಸಂಬಳದಲ್ಲಿ ಬಡ್ಡಿ ತೀರಿಸುವಷ್ಟು ಸಡಿಲವಿಲ್ಲ. ನೇಮಕದ ಹೆಸರಿನಲ್ಲಿ ನಿಮ್ಮಿಂದಲೇ ಲಕ್ಷಗಟ್ಟಲೆ ಕೇಳುವ ಮಧ್ಯವರ್ತಿ ಕಂಡರೆ ಅಲ್ಲಿಂದ ಎದ್ದು ಬನ್ನಿ.

ಇಷ್ಟೆಲ್ಲ ದೂರಿದ ಮೇಲೂ ಕಂಪನಿಯ ದಾರಿಗೆ ನಾನು ಬೇಡವೆನ್ನುವುದಿಲ್ಲ. ಅರ್ಜಿ ಹಾಕಿದ ಕೆಲವೇ ತಿಂಗಳಲ್ಲಿ ವೀಸಾದ ಅರ್ಹತಾ ಪತ್ರ ಕೈಗೆ ಬರಬಹುದು, ಏಪ್ರಿಲ್‌ನಲ್ಲಿ ಶಾಲೆಯ ವರ್ಷ ಆರಂಭವಾಗುವಾಗಲೇ ಸೇರಬಹುದು, ಮತ್ತು ಒಮ್ಮೆ ದೇಶದೊಳಗೆ ಕಾಲಿಟ್ಟರೆ ಮುಂದಿನ ಬಾಗಿಲು ಕಣ್ಣಿಗೆ ಬೀಳುತ್ತದೆ.

ನೇರ ನೇಮಕ: ಎರಡನೆಯ ಹೆಜ್ಜೆ

ಆ ಮುಂದಿನ ಬಾಗಿಲು ಊರಿನ ಶಿಕ್ಷಣ ಮಂಡಳಿಯ ನೇರ ನೇಮಕ. 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ವ್ಯವಸ್ಥೆಯ ಪ್ರಕಾರ ಇಂಥ ನೌಕರರಲ್ಲಿ ಬಹುಪಾಲು ಜನ ಆಯಾ ಹಣಕಾಸು ವರ್ಷಕ್ಕೆ ನೇಮಕಗೊಂಡ ಸ್ಥಳೀಯ ಸರ್ಕಾರಿ ಸಿಬ್ಬಂದಿಯಾಗುತ್ತಾರೆ, ಬೋನಸ್ಸಿಗೂ ಅರ್ಹರಾಗುತ್ತಾರೆ. ಸಂಬಳ ಕಂಪನಿಗಿಂತ ಮೇಲು, ಕೆಲವು ಊರುಗಳಲ್ಲಿ ಜೆಟ್‌ಗೆ ಹತ್ತಿರ. ಮಧ್ಯದಲ್ಲಿ ದಲ್ಲಾಳಿ ಇಲ್ಲದ್ದರಿಂದ ಉಪಪ್ರಾಂಶುಪಾಲರೇ ನಿಮ್ಮ ಮೇಜಿಗೆ ಬಂದು, ನಾಳೆ ಆರನೇ ತರಗತಿಗೆ ಹೀಗೆ ಮಾಡೋಣವೇ ಎಂದು ಕೇಳುತ್ತಾರೆ. ಆ ಒಂದು ಬದಲಾವಣೆಯಿಂದ ನನ್ನ ಕೆಲಸದ ಸ್ವರೂಪವೇ ಬದಲಾಯಿತು.

ಆದರೆ ಬೆಂಗಳೂರಿನಲ್ಲಿ ಕುಳಿತು ಇದನ್ನು ಹಿಡಿಯುವುದು ಬಹಳ ಕಷ್ಟ. ಪ್ರಕಟಣೆ ಊರಿನ ಕಚೇರಿಯ ಜಾಲತಾಣದಲ್ಲಿ ಜಪಾನಿಯಲ್ಲಿ ಬರುತ್ತದೆ, ಜಪಾನಿನ ಒಳಗಿರುವವರನ್ನೇ ಹೆಚ್ಚಾಗಿ ಕೇಳುತ್ತಾರೆ, ಸಂದರ್ಶನಕ್ಕೆ ಎದುರಿಗೆ ಹಾಜರಾಗಬೇಕು, ಹಳ್ಳಿಗಳಲ್ಲಿ ಚಾಲನಾ ಪರವಾನಗಿ ಬೇಕು. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರವಾನಗಿಯಲ್ಲಿ ಒಂದು ವರ್ಷದವರೆಗೆ ಓಡಿಸಬಹುದು, ರಸ್ತೆಯ ಎಡಬದಿಯೇ ಆದ್ದರಿಂದ ಗೊಂದಲವೂ ಕಡಿಮೆ. ಆಮೇಲೆ ಜಪಾನಿನ ಪರವಾನಗಿಗೆ ಬದಲಾಯಿಸಿಕೊಳ್ಳಲು ಭಾರತೀಯರು ಲಿಖಿತ ಮತ್ತು ಚಾಲನಾ ಪರೀಕ್ಷೆ ಎರಡನ್ನೂ ಬರೆಯಬೇಕು. 2025ರ ಅಕ್ಟೋಬರ್‌ನಿಂದ ಲಿಖಿತ ಪರೀಕ್ಷೆಯ ಪ್ರಶ್ನೆಗಳನ್ನು 10ರಿಂದ 50ಕ್ಕೆ ಏರಿಸಿ, ಉತ್ತೀರ್ಣರಾಗಲು 90 ಶೇಕಡ ಬೇಕೆಂದಿದ್ದಾರೆ. ಹೀಗಾಗಿ ನೇರ ನೇಮಕವನ್ನು ಮೊದಲ ಹೆಜ್ಜೆ ಎಂದುಕೊಂಡವರು ನಿರಾಶರಾಗುತ್ತಾರೆ, ಎರಡನೆಯ ಹೆಜ್ಜೆ ಎಂದುಕೊಂಡು ಮೊದಲ ದಿನದಿಂದಲೇ ಜಪಾನಿ ಕಲಿತವರಿಗೆ ಅದು ದಕ್ಕುತ್ತದೆ.

ಸಂಜೆಯ ಸಂಭಾಷಣಾ ಶಾಲೆಗಳನ್ನು ಹೋಲಿಕೆಗೆ ಸೇರಿಸಿ ಎಂದು ಕೆಲವರು ಕೇಳಿದ್ದಾರೆ. ಅವು ‘ಎಯ್‌ಕೈವಾ’ ಎಂಬ ಖಾಸಗಿ ತರಗತಿಗಳು. ಮಧ್ಯಾಹ್ನದಿಂದ ರಾತ್ರಿ ಒಂಬತ್ತರವರೆಗೆ, ಶನಿವಾರವೂ ಸೇರಿ ಕೆಲಸ. ಊರು ದೊಡ್ಡದು, ರಜೆ ಕಡಿಮೆ. ಅವಕ್ಕೆ ಬೇಕಾದ ವೀಸಾ ಬೇರೆ ವರ್ಗದ್ದು, ಅದರಲ್ಲಿ ಹನ್ನೆರಡು ವರ್ಷದ ನಿಯಮವಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷನ್ನು ಚೆನ್ನಾಗಿ ಪಳಗಿಸಿಕೊಂಡವರಿಗೆ ಇದೊಂದು ಕಿಂಡಿ. ಅಲ್ಲಿಂದ ಶಾಲೆಗೆ ಬರಬೇಕೆಂದರೆ ವೀಸಾದ ವರ್ಗ ಬದಲಾಯಿಸಬೇಕು, ಆಗ ಅದೇ ನಿಯಮ ಮತ್ತೆ ಎದುರಾಗುತ್ತದೆ.

ಯಾರಿಗೆ ಯಾವುದು

ಈಗಷ್ಟೇ ಪದವಿ ಮುಗಿಸಿ, ಮನೆಯ ಹೊಣೆ ಇನ್ನೂ ಬೀಳದವರು ಜೆಟ್‌ಗೆ ಅರ್ಜಿ ಹಾಕಬೇಕು, ಕಾಯುವ ವರ್ಷದಲ್ಲಿ ಇಲ್ಲಿಯೇ ಯಾವುದಾದರೂ ಶಾಲೆಯಲ್ಲಿ ಪಾಠ ಮಾಡಬೇಕು. ಸಂದರ್ಶನದಲ್ಲಿ ಆ ಅನುಭವ ಉಪಯೋಗಕ್ಕೆ ಬರುತ್ತದೆ. ಎರಡು ಬಾರಿ ಜೆಟ್‌ನಲ್ಲಿ ಆಯ್ಕೆಯಾಗದವರು, ಉಳಿತಾಯವಿದ್ದರೆ, ಹಾಕೆನ್ ಕರಾರಿಗೆ ಒಪ್ಪಿ, ಎರಡೇ ವರ್ಷದ ಗಡುವು ಹಾಕಿಕೊಂಡು ಹೊರಡಬಹುದು. ಊರಿಗೆ ತಿಂಗಳಿಗೆ ಮೂವತ್ತು ನಲವತ್ತು ಸಾವಿರ ರೂಪಾಯಿ ಕಳುಹಿಸಲೇಬೇಕಾದವರಿಗೆ ಜೆಟ್ ಬಿಟ್ಟು ಬೇರೆ ಯಾವುದೂ ಹೊಂದದು. ಎರಡನೆಯ ವರ್ಷದ ಜೂನ್‌ನಿಂದ ಹಿಂದಿನ ವರ್ಷದ ಆದಾಯದ ಮೇಲೆ ಊರಿನ ನಿವಾಸ ತೆರಿಗೆಯೂ ಶುರುವಾಗುತ್ತದೆಂಬುದನ್ನು ಅವರು ಮರೆಯಬಾರದು. ಸಂಸಾರ ಸಮೇತ ಹೋಗುವವರಿಗೆ ಅವಲಂಬಿತ ವೀಸಾ ಸಿಗುತ್ತದೆ, ಅನುಮತಿ ಪಡೆದರೆ ಸಂಗಾತಿ ವಾರಕ್ಕೆ 28 ಗಂಟೆಯವರೆಗೆ ದುಡಿಯಬಹುದು. ಆದರೂ ಕಂಪನಿಯ ಒಂದು ಸಂಬಳದಲ್ಲಿ ಇಬ್ಬರ ಬದುಕು ನೂಕುವುದು ಕಷ್ಟವೇ. ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು ಹೋಗಲು ಬಯಸುವವರು ಹಣಕ್ಕಾಗಿ ಹೋಗುತ್ತಿದ್ದೇನೆಂದು ಹೇಳಿಕೊಳ್ಳದಿದ್ದರೆ ಸಾಕು.

ಸಸ್ಯಾಹಾರಿಗಳು ಯಾವ ದಾರಿ ಹಿಡಿದರೂ ಮಧ್ಯಾಹ್ನದ ಊಟದ ಮಾತನ್ನು ಮೊದಲೇ ಆಡಿಬಿಡಬೇಕು. ಶಾಲೆಯ ಊಟ ಎಲ್ಲರಿಗೂ ಒಂದೇ, ಮಕ್ಕಳ ಜೊತೆ ತರಗತಿಯಲ್ಲೇ ಕೂತು ಉಣ್ಣುವುದು. ತರಕಾರಿಯ ಸಾರಿನಂತೆ ಕಾಣುವ ಮಿಸೊ ಸೂಪಿನಲ್ಲೂ ಒಣಮೀನಿನ ತಿಳಿ ಇರುತ್ತದೆ. ಡಬ್ಬಿ ತರುತ್ತೇನೆಂದರೆ ಬೇಡವೆನ್ನುವವರು ಕಡಿಮೆ. ಚಿತ್ರಾನ್ನದ ಡಬ್ಬಿ ತೆಗೆದ ದಿನ ಮೂರನೇ ತರಗತಿಯ ಅರ್ಧ ಮಕ್ಕಳು ನನ್ನ ಮೇಜಿನ ಸುತ್ತ ನಿಂತು, ಸಾಸಿವೆಯನ್ನು ತೋರಿಸಿ ಇದೇನೆಂದು ಕೇಳಿದ್ದರು.

ಉಚ್ಚಾರಣೆಯ ಅಳುಕನ್ನು ಹಲವರು ಬರೆದಿದ್ದಾರೆ. ನಮ್ಮ ‘ಟ’, ‘ಡ’ಗಳ ಗಡಸನ್ನು ತುಸು ತಿದ್ದಿಕೊಳ್ಳಬೇಕು, ವಿ ಮತ್ತು ಡಬ್ಲ್ಯೂ ಬೇರೆ ಮಾಡಿ ನುಡಿಯಬೇಕು, ಕೊನೆಯ ಅಕ್ಷರವನ್ನು ‘ಝೀ’ ಎನ್ನಬೇಕು, ಏಕೆಂದರೆ ಅಲ್ಲಿನ ಪಠ್ಯಪುಸ್ತಕ ಅಮೆರಿಕದ ಬಳಕೆಯದು. ಆದರೆ ಜಪಾನಿ ಮಗು ‘ಬಸು’, ‘ಮಿರುಕು’ ಎಂದಾಗ ಅಮೆರಿಕದವರಿಗೆ ಅದು ವಿಚಿತ್ರವಾಗಿ ಕೇಳಿಸಬಹುದು. ಬಸ್ಸು, ಮಿಲ್ಕು ಎಂದು ಪದದ ಕೊನೆಗೆ ಉಕಾರ ಹಚ್ಚಿಯೇ ಬೆಳೆದ ನಮಗೆ ಆ ಮಗುವಿನ ನಾಲಿಗೆ ಎಲ್ಲಿ ಎಡವಿತೆಂದು ಕೂಡಲೇ ತಿಳಿಯುತ್ತದೆ. ಸಂದರ್ಶನದಲ್ಲಿ ಇದನ್ನು ಧೈರ್ಯವಾಗಿ ಹೇಳಿ.

ಆ ಸಂದರ್ಶನದ ಕೊನೆಗೆ ನಿಮಗೇನಾದರೂ ಕೇಳುವುದಿದೆಯೇ ಎನ್ನುತ್ತಾರೆ. ಸಂಕೋಚವಿಲ್ಲದೆ ನಾಲ್ಕು ಪ್ರಶ್ನೆ ಕೇಳಿ, ಉತ್ತರವನ್ನು ಮಿಂಚಂಚೆಯಲ್ಲಿ ಬರೆಸಿಕೊಳ್ಳಿ: ಆಗಸ್ಟ್ ತಿಂಗಳಲ್ಲಿ ನನ್ನ ಕೈಗೆ ಎಷ್ಟು ಬರುತ್ತದೆ, ಕರಾರು ಹಾಕೆನ್ನೋ ಗ್ಯೋಮು ಇತಾಕುವೋ, ಸಾಮಾಜಿಕ ವಿಮೆ ಮೊದಲ ದಿನದಿಂದಲೇ ಇದೆಯೇ, ನಾನು ಎಷ್ಟು ಶಾಲೆಗಳಿಗೆ ಹೋಗಬೇಕು ಮತ್ತು ಕಾರಿನ ಪೆಟ್ರೋಲು ಯಾರದು.